ಹೆಸರು ಹೇಳಿದವನು

ಬಿ.ಎ. ಓದುವಾಗ ಥಾಮಸ್ ಕಿಡ್ ನಮ್ಮ ಪಾಲಿಗೆ ಐದು ಅಂಕದ ಒಂದು ಟಿಪ್ಪಣಿ. ಒಂದನೆಯ ಎಲಿಜಬೆತ್ ರಾಣಿಯ ಕಾಲದ ನಾಟಕಕಾರ, 'ಸ್ಪ್ಯಾನಿಷ್ ಟ್ರ್ಯಾಜಿಡಿ' ಬರೆದವನು. ಸೇಡು ಕೇಳುವ ಪ್ರೇತ, ನಾಟಕದೊಳಗೊಂದು ನಾಟಕ, ಸೇಡಿಗೆ ಹೊರಟು ತಡಮಾಡುವ ನಾಯಕ – 'ಹ್ಯಾಮ್ಲೆಟ್'ನಲ್ಲಿ ನಾವು ಮೆಚ್ಚುವ ಇವೆಲ್ಲ ಅದಕ್ಕೂ ಮೊದಲೇ ಅವನಲ್ಲಿದ್ದವು. ಇಷ್ಟು ಬರೆದರೆ ಅಂಕ ಸಿಗುತ್ತಿತ್ತು. ಅವನ ಬದುಕನ್ನು ಓದಿದ್ದು ಬಹಳ ತಡವಾಗಿ. ಓದಿದ ರಾತ್ರಿ ನಿದ್ದೆ ಬರಲಿಲ್ಲ.

1593ರ ಮೇ ತಿಂಗಳು. ಲಂಡನ್ನಿನಲ್ಲಿ ನೆಲೆಸಿದ್ದ ಪರದೇಶದವರನ್ನು ಬೆದರಿಸಿ ಯಾರೋ ಬರಹ ಅಂಟಿಸಿದ್ದರು. ಅವರನ್ನು ಹುಡುಕುತ್ತ ಬಂದ ಅಧಿಕಾರಿಗಳಿಗೆ ಕಿಡ್‌ನ ಬಳಿ ಸಿಕ್ಕಿದ್ದು ಬೇರೆಯೇ ಕಾಗದ: ಕ್ರಿಸ್ತನ ದೈವತ್ವವನ್ನು ಅಲ್ಲಗಳೆಯುವ ಬರಹ. ಆ ಕಾಲಕ್ಕೆ ಅದು ಜೀವಕ್ಕೇ ಎರವಾಗಬಲ್ಲ ಅಪರಾಧ. ಅವನಿಗೆ ಚಿತ್ರಹಿಂಸೆ ಕೊಟ್ಟರು. ಕಾಗದ ಕ್ರಿಸ್ಟೋಫರ್ ಮಾರ್ಲೋನದು ಎಂದು ಅವನು ಹೇಳಿದ. ಎರಡು ವರ್ಷದ ಹಿಂದೆ ಇಬ್ಬರೂ ಒಂದೇ ಕೋಣೆಯಲ್ಲಿ ಬರೆಯುತ್ತಿದ್ದವರು.

ಮೇ 30ರಂದು ಮಾರ್ಲೋ ಡೆಪ್ಟ್‌ಫರ್ಡ್‌ನಲ್ಲಿ ಕೊಲೆಯಾದ. ಖರ್ಚಿನ ಲೆಕ್ಕದ ಜಗಳವೆನ್ನುತ್ತದೆ ವಿಚಾರಣೆಯ ದಾಖಲೆ. ಅವನಿಗೆ 29 ವರ್ಷ. ಬಿಡುಗಡೆಯಾದ ಕಿಡ್‌ಗೆ ಆಶ್ರಯ ಕೊಟ್ಟಿದ್ದ ಒಡೆಯನ ಬಾಗಿಲು ಮುಚ್ಚಿತ್ತು. ಸರ್ ಜಾನ್ ಪಕರಿಂಗ್ ಎಂಬ ದೊಡ್ಡ ಅಧಿಕಾರಿಗೆ ಪತ್ರ ಬರೆದು ಅಂಗಲಾಚಿದ. ಅದರಲ್ಲಿ ಸತ್ತವನನ್ನು ದೂರಿದ. ಅಂಥ ನಾಸ್ತಿಕನಿಗೆ ನಾನು ಗೆಳೆಯನಾಗುವುದುಂಟೇ ಎಂದ. 1594ರಲ್ಲಿ, 35ನೇ ವಯಸ್ಸಿಗೆ ಅವನೂ ತೀರಿಕೊಂಡ.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಸಂಗತಿ. ಅವನ ನಾಟಕದ ಕೊನೆಯಲ್ಲಿ ಹೀರೋನಿಮೋ ಎಂಬ ಮುದುಕನನ್ನು, ಬಾಯಿ ಬಿಡದಿದ್ದರೆ ಹಿಂಸಿಸುತ್ತೇವೆ ಎಂದು ಹೆದರಿಸುತ್ತಾರೆ. ಅವನು ತನ್ನ ನಾಲಗೆಯನ್ನೇ ಕಚ್ಚಿ ತುಂಡರಿಸಿಕೊಳ್ಳುತ್ತಾನೆ. ಅಂಥ ಧೀರನನ್ನು ಬರೆದವನು ತನ್ನ ಸರದಿ ಬಂದಾಗ ಹೆಸರು ಹೇಳಿದ.

ನಾನು ಕೆಲಸಕ್ಕೆ ಸೇರಿದ ಹೊಸತು. ಏಳನೇ ತರಗತಿಯ ಹುಡುಗಿಯೊಬ್ಬಳ ಚೀಲದಲ್ಲಿ ಒಂದು ಚಿತ್ರ ಸಿಕ್ಕಿತು: ಮುಖ್ಯೋಪಾಧ್ಯಾಯಿನಿಗೆ ಕೋಡು, ಬಾಲ. ನನ್ನ ಕೈಯಲ್ಲಿ ಅಡಿಕೋಲು. ಎರಡು ಏಟು ಬಿದ್ದ ಮೇಲೆ ಪಕ್ಕದವಳ ಹೆಸರು ಹೇಳಿದಳು. "ನನ್ನ ಪುಸ್ತಕದಲ್ಲಿ ಸೇರ್ಕೊಂಡಿತ್ತು ಟೀಚರ್."

ನಾನು ಅಲ್ಲಿಗೆ ಬಿಡಲಿಲ್ಲ. "ಅವಳು ನಿನ್ನ ಗೆಳತಿ ಅಲ್ವೇನೇ?"

"ಅಲ್ಲ ಟೀಚರ್."

ಒಂದನೇ ತರಗತಿಯಿಂದ ಜೊತೆಗೆ ಕೂತವರು. ಆಮೇಲೆ ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೂತದ್ದನ್ನು ನಾನು ಕಾಣಲಿಲ್ಲ. ನಂಬಿಕೆಗೆ ಯೋಗ್ಯಳಲ್ಲ ಈ ಹುಡುಗಿ ಎಂದು ವರ್ಷಗಟ್ಟಲೆ ಎಣಿಸಿದ್ದೆ.

ಕಿಡ್ ತಪ್ಪು ಮಾಡಿದನೇ? ನೋವಿನಲ್ಲಿ ಬಾಯಿಂದ ಬಿದ್ದ ಹೆಸರಿಗೆ ಅವನನ್ನು ದೂರಲಾರೆ. ಪತ್ರದ ವಿಷಯಕ್ಕೆ ಬಂದಾಗ ಮಾತ್ರ ಮನಸ್ಸು ಹೊಯ್ದಾಡುತ್ತದೆ. ಆಗ ಯಾರೂ ಹೊಡೆಯುತ್ತಿರಲಿಲ್ಲ; ಸತ್ತವನು ಎದ್ದು ಬಂದು ಉತ್ತರ ಕೊಡುವಂತೆಯೂ ಇರಲಿಲ್ಲ. ಅದನ್ನು ಸರಿ ಎನ್ನಲಾರೆ. ಆದರೆ ಆ ಹುಡುಗಿ "ಅಲ್ಲ" ಎಂದಾಗಲೂ ಏಟು ನಿಂತಿತ್ತಲ್ಲ? ಏಟು ನಿಂತರೂ ಹೆದರಿಕೆ ನಿಲ್ಲುವುದಿಲ್ಲ. ಅದು ಹೆಸರನ್ನಷ್ಟೇ ಅಲ್ಲ, ಸ್ನೇಹವನ್ನೂ ಕಿತ್ತುಕೊಳ್ಳುತ್ತದೆ.

ಹೆಸರು ಹೇಳಿದವನನ್ನು ನಾಲ್ಕು ನೂರು ವರ್ಷಗಳಿಂದ ತೂಗಿ ನೋಡುತ್ತಿದ್ದೇವೆ. ಹೇಳಿಸಿದವರನ್ನು ಯಾರೂ ಕೇಳಲಿಲ್ಲ. ನನ್ನನ್ನೂ ಅಷ್ಟೇ. ಕಿಡ್‌ನನ್ನು ಓದಿದ ಮೇಲೆ ಯಾವ ಮಗುವಿನ ಬಾಯಿಂದಲೂ ಇನ್ನೊಂದು ಮಗುವಿನ ಹೆಸರು ಹೊರಡಿಸಿಲ್ಲ. ಆ ಇಬ್ಬರು ಈಗ ಎಲ್ಲಿದ್ದಾರೋ. ಸಿಕ್ಕರೆ ಅವರಿಬ್ಬರನ್ನೂ ಕೂರಿಸಿಕೊಂಡು ಹೇಳುವ ಮಾತೊಂದಿದೆ: ತಪ್ಪು ನನ್ನದಮ್ಮಾ.