ಯಾರ ಮನೆ ಕರೆಂಟ್ ತೆಗೀಬೇಕು?

2021ರ ಫೆಬ್ರವರಿ 15ರ ನಸುಕು. ಟೆಕ್ಸಾಸ್ ಮೇಲೆ ಹಿಮ, ಹಿಮದ ಹರಳು, ಬಿದ್ದಲ್ಲೇ ಗಾಜಾಗುವ ಮಳೆ. ಗ್ಯಾಸ್ ಬಾವಿಗಳು, ಪವರ್ ಪ್ಲಾಂಟುಗಳು ಚಳಿಗೆ ನಿಂತುಹೋದವು. ಇಡೀ ಗ್ರಿಡ್ ಕುಸಿಯೋಕೆ 4 ನಿಮಿಷ 37 ಸೆಕೆಂಡ್ ಬಾಕಿ ಇದ್ದಾಗ ಲೋಡ್ ಶೆಡ್ಡಿಂಗ್ ಅದನ್ನ ಉಳಿಸಿತು. ಸುಮಾರು 45 ಲಕ್ಷ ಮನೆ, ಅಂಗಡಿ-ಕಚೇರಿಗಳಿಗೆ ಕತ್ತಲು. ಸರ್ಕಾರದ ಲೆಕ್ಕದಲ್ಲೇ ಆ ಬಿರುಗಾಳಿಗೆ ಸತ್ತವರು 246.

ಕರೆಂಟ್ ತೆಗೆದದ್ದು ತಪ್ಪಾ? ಅಲ್ಲ. ತೆಗೆಯದಿದ್ದರೆ ವಾರಗಟ್ಟಲೆ ಎಲ್ಲರಿಗೂ ಕತ್ತಲು. ಆದ್ರೆ ಆಸ್ಪತ್ರೆಯಂಥ ಜಾಗಗಳಿರೋ ಲೈನುಗಳನ್ನ ಮುಟ್ಟಲಿಲ್ಲ. ಅದೇ ಲೈನಿನ ಖಾಲಿ ಆಫೀಸುಗಳೂ ಬೆಳಗ್ತಾ ಇದ್ದವು. ಮನೆಗಳಲ್ಲಿ ಜನ ನಡುಗ್ತಿದ್ರು.

ಹಳ್ಳಿಯಲ್ಲಿ ಬೆಳೆದ ನನಗೆ ಇದು ಹೊಸದಲ್ಲ. ಪೇಟೆ ಲೈನಿಗೆ ಬಲ್ಬು, ನಮ್ಮ ಲೈನಿಗೆ ಬುಡ್ಡಿದೀಪ. ಅದನ್ನ ಹಣೆಬರಹ ಅಂತಿದ್ವಿ.

ಆದ್ರೆ ಹಣೆಬರಹಕ್ಕೂ ಬರೆದವರು ಇರ್ತಾರೆ. 2011ರಲ್ಲೂ ಟೆಕ್ಸಾಸಿನಲ್ಲಿ ಹೀಗೇ ಆಗಿತ್ತು. ಪ್ಲಾಂಟುಗಳನ್ನ ಚಳಿಗೆ ಸಜ್ಜು ಮಾಡಿ ಅಂತ ವರದಿ ಬಂತು, ಅದು ಕಡ್ಡಾಯವಾಗಲಿಲ್ಲ. 2021ರ ಆಪರೇಟರಿಗೆ ಉಳಿದಿದ್ದು ಯಾರನ್ನ ಕತ್ತಲಲ್ಲಿಡೋದು ಅನ್ನೋದಷ್ಟೇ. ನಿಜವಾದ ನಿರ್ಧಾರ ಹತ್ತು ವರ್ಷ ಮೊದಲೇ ಆಗಿಹೋಗಿತ್ತು.

'ನೆಕ್ಸ್ಟ್ ರಿಲೀಸಲ್ಲಿ ನೋಡೋಣ' ಅಂತ ನಾವು ದಿನಾ ಪಕ್ಕಕ್ಕಿಡ್ತೀವಲ್ಲ, ಅದೂ ನಿರ್ಧಾರವೇ. ಅದರ ಬಿಲ್ಲು ಮಾತ್ರ ಮೀಟಿಂಗಲ್ಲಿ ಇಲ್ಲದವರ ಮನೆಗೆ ಹೋಗುತ್ತೆ.