ರಸ್ತೆಯಷ್ಟೇ ದೂರ

ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಮಲ್ಪೆಯ ಎದುರಿಗಿರುವ ತೋನ್ಸೆಪಾರ್ ನಡುಗಡ್ಡೆಗೆ ಸೇಂಟ್ ಮೇರಿಸ್ ಎಂಬ ಹೆಸರು ಬಂದದ್ದು 1498ರಲ್ಲಿ, ವಾಸ್ಕೋ ಡ ಗಾಮನಿಂದ ಎಂದು ಪ್ರತೀತಿ. ಅಲ್ಲಿನ ಕಲ್ಲಿನ ವಯಸ್ಸು ಸುಮಾರು 9 ಕೋಟಿ ವರ್ಷ. ಮೊದಲೆರಡು ಲೆಕ್ಕ ತಲೆಗೆ ಹತ್ತುತ್ತವೆ. ಮೂರನೆಯದನ್ನು ನಾಲಗೆ ಹೇಳಿ ಮುಗಿಸುತ್ತದೆ, ಮನಸ್ಸು ಹಿಂದೆಯೇ ಉಳಿಯುತ್ತದೆ.

ಹಾಗಾಗಿ ಅಲ್ಲಿ ಕೈ ಮುಂದಾಗುತ್ತದೆ. ದೋಣಿ ಇಳಿದು, ಕಾಲಡಿಯಲ್ಲಿ ಕರಕರ ಎನ್ನುವ ಚಿಪ್ಪಿನ ಚೂರುಗಳನ್ನು ತುಳಿಯುತ್ತ ಬಂಡೆಯ ಹತ್ತಿರ ಬಂದವರು ಮೊದಲು ಮಾಡುವುದೇ ಅದನ್ನು ಮುಟ್ಟಿ ನೋಡುವ ಕೆಲಸ. (ಎರಡನೆಯದು ಸೆಲ್ಫಿ. ಅದನ್ನು ಬೈಯಲಾರೆ; ನಂಬಲಾಗದ್ದನ್ನು ಕಂಡವರಿಗೆ ಸಾಕ್ಷಿ ಬೇಕೆನಿಸುವುದು ಸಹಜ.) ಕಂಬಕ್ಕೆ ಕಂಬ ಒತ್ತಿಕೊಂಡು ನಿಂತಿವೆ. ಹೆಚ್ಚಿನವಕ್ಕೆ ಐದೋ ಆರೋ ಮುಖ. ಕೆಲವು ಅಂಚುಗಳು ಇನ್ನೂ ಚೂಪು, ಅಲೆ ತಾಗುವ ಕಡೆ ದುಂಡು. ಒಂದು ಕಂಬದ ನೆತ್ತಿಯ ತಗ್ಗಿನಲ್ಲಿ ಬೊಗಸೆಯಷ್ಟು ಕಡಲ ನೀರು ನಿಂತಿತ್ತು. ಅದರೊಳಗೆ ಉಗುರಿನಷ್ಟು ಚಿಕ್ಕ ಏಡಿಮರಿಯೊಂದು ನೆರಳು ಬಿದ್ದೊಡನೆ ಅಡ್ಡಡ್ಡ ಓಡಿ ಬಿರುಕಿನಲ್ಲಿ ಅಡಗಿತು.

ಭೂಮಿಯೊಳಗಿಂದ ಉಕ್ಕಿದ ಲಾವಾ ತಣಿಯುವಾಗ ಕುಗ್ಗುತ್ತದೆ, ಕುಗ್ಗಿದ್ದು ಬಿರಿಯುತ್ತದೆ. ಬತ್ತಿದ ಕೆರೆಯ ಕೆಸರು ಬಿರಿದ ಹಾಗೆಯೇ. ಇಲ್ಲಿ ಬಿರುಕು ಮೇಲ್ಮೈಯಲ್ಲಿ ನಿಲ್ಲದೆ ಆಳಕ್ಕೆ ಇಳಿದು ಕಂಬಗಳಾಗಿವೆ. ಇಂಡಿಯಾದ ನೆಲ ಮಡಗಾಸ್ಕರಿನಿಂದ ಕಳಚಿಕೊಂಡ ಕಾಲದ್ದು ಈ ಲಾವಾ. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ. ಆಗ ಹಿಮಾಲಯ ಇನ್ನೂ ಎದ್ದಿರಲಿಲ್ಲ, ಡೈನೋಸಾರುಗಳು ಅಳಿಯುವುದಕ್ಕೂ ಇನ್ನೂ ಎರಡು ಕೋಟಿ ವರ್ಷಕ್ಕೂ ಮಿಕ್ಕಿ ಕಾಲವಿತ್ತು.

ತಿಳಿದರೆ ಬೆರಗು ಹೋಗುತ್ತದೆ ಎನ್ನುವವರಿದ್ದಾರೆ. ನನಗೇನೋ ತದ್ವಿರುದ್ಧ ಅನಿಸುತ್ತದೆ. ರಾಕ್ಷಸನೊಬ್ಬ ಒಂದೇ ರಾತ್ರಿಯಲ್ಲಿ ಕಡೆದು ನಿಲ್ಲಿಸಿದ ಎಂದರೆ ಅಲ್ಲಿಗೆ ಕಥೆ ಮುಗಿಯಿತು, ತಲೆದೂಗಿ ದೋಣಿ ಹತ್ತಬಹುದು. ಯಾರೂ ಕಡೆಯಲಿಲ್ಲ, ಬರೀ ತಣಿಯಿತು ಎಂದಾಗಲೇ ಮೈ ಝುಮ್ಮೆಂದದ್ದು.

ಅಲ್ಲಿಂದ ಬಡಗಿಗೆ, ಕುಂದಾಪುರ ದಾಟಿದರೆ ಮರವಂತೆ. ಹೆದ್ದಾರಿಯ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ಎಲ್ಲರೂ ಗಾಡಿ ನಿಲ್ಲಿಸುತ್ತಾರೆ, ನಾನೂ ನಿಲ್ಲಿಸಿದೆ. ನೋಟ ಚೆಂದವೇ, ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಕೊಲ್ಲೂರಿನ ಕಾಡಿನಿಂದ ಇಳಿದು ಬಂದ ಹೊಳೆ, ಕಡಲಿಗೆ ಇನ್ನೊಂದು ರಸ್ತೆಯಷ್ಟೇ ದೂರ ಇರುವಾಗ ತಿರುಗಿಬಿಡುತ್ತದೆ. ಮತ್ತೆ ಸುಮಾರು 10 ಕಿ.ಮೀ. ಹರಿದು, ಗಂಗೊಳ್ಳಿಯ ಹತ್ತಿರ ವಾರಾಹಿ, ಚಕ್ರಾ ಮೊದಲಾದ ಹೊಳೆಗಳನ್ನು ಕೂಡಿಕೊಂಡೇ ಕಡಲು ಸೇರುತ್ತದೆ.

ಇದಕ್ಕೂ ಕಾರಣವಿದೆ. ಅಲೆಗಳು ತಂದು ಸುರಿದ ಮರಳು ದಂಡೆಯುದ್ದಕ್ಕೂ ದಿಬ್ಬವಾಗಿ ಕಟ್ಟಿಕೊಳ್ಳುತ್ತದೆ. ಒಂಟಿ ಹೊಳೆಗೆ ಅದನ್ನು ಒಡೆಯುವ ಕಸುವಿಲ್ಲ. ದಿಬ್ಬದ ಹಿಂದೆಯೇ ದಾರಿ ಹುಡುಕುತ್ತ ಹೋಗಬೇಕು. ಹೊಳೆಯನ್ನು ಕರೆಯುವ ಕಡಲೇ ಬಾಗಿಲು ಹಾಕಿದ್ದು ಎಂದ ಹಾಗಾಯಿತು. ನಾವು ಗಾಡಿ ನಿಲ್ಲಿಸಿಕೊಂಡು ನಿಂತಿರುವುದೂ ಹಾಕಿದ ಆ ಬಾಗಿಲ ಮೇಲೆಯೇ.

ದೋಣಿಯ ನೆರಳಿನಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಹಿರಿಯರೊಬ್ಬರು ನನ್ನನ್ನು ಬಹಳ ಹೊತ್ತಿನಿಂದ ಗಮನಿಸಿದ್ದಿರಬೇಕು. “ಎಂತ ಕಾಂತ್ರಿ? ನೀರೇ ಅಲ್ದಾ?” ಎಂದರು. ಅವರೂ ಕಡಲನ್ನೇ ನೋಡುವವರು, ನನಗಿಂತ ಎಷ್ಟೋ ಪಟ್ಟು ಹೆಚ್ಚು. ನೀರಿನ ಬಣ್ಣ ಎಲ್ಲಿ ತುಸು ಬೇರೆಯಾಗಿದೆ, ಹಕ್ಕಿಗಳು ಎಲ್ಲಿ ಎರಗುತ್ತಿವೆ ಎಂಬುದರ ಮೇಲೆ ಮೀನಿನ ಹಿಂಡು ಗುರುತಿಸುವ ನೋಟ ಅದು. ಮಳೆಗಾಲದಲ್ಲಿ ಇದೇ ದಂಡೆಯನ್ನು ಕಡಲು ಕೊರೆಯುತ್ತದೆ. ಅಲೆ ತಡೆಯಲು ಬಂಡೆ ತಂದು ಪೇರಿಸಿದ್ದಾರೆ. ಎರಡು ನೀರಿನ ನಡುವಿನ ಪಟ್ಟಿಯಲ್ಲಿ ಮನೆ ಕಟ್ಟಿಕೊಂಡವರಿಗೆ ಆಗ ನಿದ್ದೆ ಹತ್ತುವುದು ಕಷ್ಟ. ನನ್ನ ಬೆರಗೂ ಅವರ ಭಯವೂ ಒಂದೇ ಜಾಗದ ಮೇಲೆ ನಿಂತಿವೆ ಎಂಬುದು ನನ್ನನ್ನು ಸ್ವಲ್ಪ ಮುಜುಗರಕ್ಕೆ ತಳ್ಳಿತು. ಹಾಗೆಂದು ಬೆರಗೇನೂ ಇಳಿಯಲಿಲ್ಲ.

ಹೊಳೆಯ ನೀರು ಸಿಹಿಯೇ ಎಂದು ಕೇಳಿದೆ. ಬೇಸಗೆಯಲ್ಲಿ ಉಪ್ಪು, ಮಳೆಗಾಲದಲ್ಲಿ ಸಿಹಿ ಎಂದರು, ಅದರಲ್ಲೇನು ವಿಶೇಷ ಎಂಬ ಹಾಗೆ. ಹೊಳೆಯ ಹರಿವು ತಗ್ಗಿದಾಗ ಉಬ್ಬರದ ನೀರು ಗಂಗೊಳ್ಳಿಯ ಅಳಿವೆಯಿಂದ ಒಳಗೆ ಏರುತ್ತದೆ. ರಸ್ತೆಯ ಎಡಗಡೆ ಅಪ್ಪಳಿಸುತ್ತಿರುವ ಕಡಲೇ ಅಷ್ಟು ದೂರ ಸುತ್ತು ಬಳಸಿ, ಸದ್ದಿಲ್ಲದೆ ಬಲಗಡೆಗೂ ಬಂದು ನಿಂತಿರುತ್ತದೆ.