ಚೀಟಿ ಬರೆದ ಮೇಲೆ

‘ಭಾಯ್, ಇದರಾಗ ಏನ್ ಬರದಾರ ನೋಡಿ ಹೇಳ್ರಿ. ನನ್ನ ಮಗ ಪಾಸಾದ್ನೋ, ಫೇಲಾದ್ನೋ?’

ಹೊಸರಿತ್ತಿಯಲ್ಲಿ ನಮ್ಮ ಪರಿಚಯದ ಮನೆಯ ತಾಯಿಯೊಬ್ಬಳು ಹೀಗೆ ಕೇಳಿದಾಗ ನಮಗೆ ಉತ್ತರ ತೋಚಲಿಲ್ಲ. ಆಕೆಯ ಕೈಯಲ್ಲಿದ್ದ ಮೊಬೈಲಿನಲ್ಲಿ ಹನ್ನೊಂದು ಪುಟಗಳ ಇಂಗ್ಲಿಷ್ ವರದಿಯಿತ್ತು. ನಾಲ್ಕು ವರ್ಷದ ಮಗ ಕರೆದರೆ ತಿರುಗುವುದಿಲ್ಲ, ಮಾತು ಕಡಿಮೆ, ಓರಗೆಯ ಮಕ್ಕಳೊಡನೆ ಆಡುವುದಿಲ್ಲ. ಪಟ್ಟಣದ ವೈದ್ಯರೊಬ್ಬರು ಎರಡು ನಿಮಿಷ ನೋಡಿ, ಬೆಳವಣಿಗೆಯ ಪರೀಕ್ಷೆಯನ್ನು ಆನ್‌ಲೈನಿನಲ್ಲಿ ಮಾಡಿಸಿ ಎಂದು ಚೀಟಿ ಬರೆದುಕೊಟ್ಟಿದ್ದರು. ತಮ್ಮನ ಮೊಬೈಲು ತಂದು, ಅಕ್ಕಿ ಡಬ್ಬಿಗೆ ಒರಗಿಸಿಟ್ಟು ಪರೀಕ್ಷೆ ಮುಗಿಸಿದ್ದಾಯಿತು. ಚಿತ್ರ ತೋರಿಸಿ ಹೆಸರು ಕೇಳಿದಾಗ ಮಗು ‘ಬಿಲ್ಲಿ’ ಎಂದಿತಂತೆ. ಆಚೆ ಬದಿಯವರಿಗೆ ಬೇಕಾಗಿದ್ದುದು ‘ಬೆಕ್ಕು’. ವರದಿ ಹಿಡಿದು ಮತ್ತೆ ವೈದ್ಯರ ಬಳಿ ಹೋದರೆ, ‘ಪರೀಕ್ಷೆ ಮಾಡಿದವರನ್ನೇ ಕೇಳಮ್ಮ’ ಎಂದರಂತೆ.

ಒಬ್ಬರನ್ನು ಮತ್ತೊಬ್ಬರ ಬಳಿಗೆ ಕಳುಹಿಸಿದೊಡನೆ ನಮ್ಮ ಹೊಣೆ ಮುಗಿಯುತ್ತದೆಯೇ? ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಆನ್‌ಲೈನ್ ಪರೀಕ್ಷೆಯೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ವರದಾ ದಂಡೆಯ ಈ ಊರಿನಿಂದ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಬೇಕೆಂದರೆ ಬಸ್ಸು ಬದಲಿಸಬೇಕು, ಒಂದು ದಿನದ ಕೂಲಿ ಕಳೆದುಕೊಳ್ಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಮುನ್ನೂರು ಕಿಲೋಮೀಟರಿಗೂ ಆಚೆಗಿದೆ. ಮಕ್ಕಳ ಮನಸ್ಸು, ಮಾತು, ಕಲಿಕೆಯನ್ನು ಅರಿತ ತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇದ್ದಾರೆ. ಅಂಥವರು ಮೊಬೈಲಿನಲ್ಲಿ ನಮ್ಮ ಪಡಸಾಲೆಗೆ ಬಂದರೆ ಅದು ವರವೇ ಸರಿ. ಅಪರಿಚಿತ ದವಾಖಾನೆಯಲ್ಲಿ ಹೆದರಿ ಮುದುಡುವ ಮಗು ಮನೆಯಲ್ಲಿ ಸಹಜವಾಗಿ ಆಡುವುದನ್ನೂ ಅವರು ನೋಡಬಹುದು.

ಆದರೆ ತೆರೆಗೆ ಮಿತಿಗಳಿವೆ. ಮಾತಾಡದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲ. ಆ ಪರೀಕ್ಷೆ ಯಂತ್ರಗಳಿರುವ ಕಡೆಯೇ ಆಗಬೇಕು. ಆಟಿಸಂ ಅಳೆಯಲು ನಮ್ಮ ದೇಶದಲ್ಲಿ ಐಎಸ್‌ಎಎ ಎಂಬ ಮಾಪಕವಿದೆ. ಅದರಲ್ಲಿ 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಅಲ್ಲ, ಮೇಲೇರಿದಷ್ಟೂ ತೊಂದರೆ ಹೆಚ್ಚು. ಅಂಕ ಹೆಚ್ಚಾದರೆ ಪಾಸು ಎಂದು ತಿಳಿದ ತಾಯಿಗೆ ಇದನ್ನು ಯಾರಾದರೂ ಕೂತು ತಿಳಿಸಬೇಡವೇ? ಮನೆಯಲ್ಲಿ ದಖನಿ ಉರ್ದು, ಅಂಗನವಾಡಿಯಲ್ಲಿ ಕನ್ನಡ ಕೇಳುವ ಮಗು ಎರಡರಲ್ಲೂ ಅರ್ಧರ್ಧ ಪದ ಕಲಿತಿರುತ್ತದೆ. ಒಂದೇ ಭಾಷೆಯಲ್ಲಿ ಲೆಕ್ಕ ಹಾಕಿದರೆ ಅದಕ್ಕೆ ಬರುವ ಮಾತೂ ಬಾರದೆಂದೇ ದಾಖಲಾಗುತ್ತದೆ.

ಇವೆಲ್ಲವನ್ನೂ ಚೀಟಿ ಬರೆಯುವ ವೈದ್ಯರು ಬಲ್ಲರು. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯೂ, ದೂರದಿಂದ ನೋಡಿದರೆ ಸಾಕೋ, ಮುಖಾಮುಖಿಯೇ ಬೇಕೋ ಎಂಬ ತೀರ್ಮಾನವನ್ನು ವೈದ್ಯರ ವಿವೇಕಕ್ಕೇ ಬಿಟ್ಟಿದೆ. ಹಾಗಾಗಿ ಚೀಟಿಯಲ್ಲಿ ನಾಲ್ಕು ಸಾಲು ಹೆಚ್ಚಿರಬೇಕು: ಮಗುವಿನ ಮನೆಮಾತು ಯಾವುದು, ಕಿವಿ ನೋಡಿದ್ದಾಗಿದೆಯೇ, ತಾಯಿಯ ಆತಂಕವೇನು, ನಮಗೆ ತಿಳಿಯಬೇಕಾದದ್ದೇನು. ವರದಿ ಬಂದ ಮೇಲೆ ಅದನ್ನು ಬಿಡಿಸಿ ಹೇಳಲು ಒಂದು ದಿನವನ್ನೂ ಗೊತ್ತುಮಾಡಬೇಕು.

ದಾರಿಗಳು ಇಲ್ಲದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರಕಾರಿ ಶಾಲೆಗಳಿಗೇ ತಂಡಗಳು ಬಂದು ಮಕ್ಕಳನ್ನು ನೋಡುತ್ತವೆ. ಬೆಳವಣಿಗೆಯ ವಿಳಂಬವೂ ಅವರ ಪಟ್ಟಿಯಲ್ಲಿದೆ. ಅಂಥ ಮಕ್ಕಳಿಗೆಂದೇ ಜಿಲ್ಲಾ ಮಟ್ಟದಲ್ಲಿ ಕೇಂದ್ರಗಳನ್ನು ತೆರೆಯುವುದು ಆ ಕಾರ್ಯಕ್ರಮದ ಭಾಗ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಆದರೆ ಅದರ ಪ್ರಮಾಣಪತ್ರಕ್ಕೆ ಖಾಸಗಿ ಆನ್‌ಲೈನ್ ವರದಿಯೊಂದೇ ಸಾಲದು, ಸರಕಾರ ಗೊತ್ತುಪಡಿಸಿದ ವೈದ್ಯರ ಮುಂದೆ ಹೋಗಬೇಕು. ಆ ತಾಯಿಗೆ ಇದಾವುದನ್ನೂ ಯಾರೂ ಹೇಳಿರಲಿಲ್ಲ.

ಈ ಸಂದರ್ಭದಲ್ಲಿ ಪವಿತ್ರ ಕುರ್‌ಆನಿನ ‘ಅಬಸ’ ಅಧ್ಯಾಯದ ಹಿನ್ನೆಲೆ ನಮಗೆ ನೆನಪಾಗುತ್ತದೆ. ಪ್ರವಾದಿಯವರು(ಸ) ಮಕ್ಕಾದ ಪ್ರಮುಖರೊಡನೆ ಮಾತಿನಲ್ಲಿದ್ದಾಗ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್ ಎಂಬ ಅಂಧ ಸಂಗಾತಿ ಏನನ್ನೋ ತಿಳಿಯಲು ಬಂದರು. ಪ್ರವಾದಿಯವರ ಹುಬ್ಬು ಗಂಟಿಕ್ಕಿತು, ಮುಖ ಅತ್ತ ತಿರುಗಿತು. ಬಂದವರು ಅಂಧರು. ಆ ಮುಖಭಾವ ಅವರಿಗೆ ಕಾಣಲಿಲ್ಲ, ನೋಯಿಸಲೂ ಇಲ್ಲ. ಆದರೂ ಅಲ್ಲಾಹನು ಅದನ್ನು ಎತ್ತಿ ತೋರಿಸಿದನು. ಎದುರಿನವರಿಗೆ ಕಾಣದಿದ್ದರೂ ನಮ್ಮ ಗಮನಕ್ಕೆ ಲೆಕ್ಕವಿದೆ ಎಂಬ ಪಾಠ ಅಲ್ಲಿದೆ. ತೆರೆಯ ಆಚೆ ಕೂತವರು ಮಗುವನ್ನು ನೋಡಿದರೋ, ಗಡಿಯಾರ ನೋಡಿದರೋ ತಾಯಿಗೆ ಕಾಣುವುದಿಲ್ಲ. ಚೀಟಿ ಬರೆದವರ ಮನಸ್ಸು ಎಲ್ಲಿತ್ತೆಂಬುದೂ ಕಾಣುವುದಿಲ್ಲ. ಕಾಣದಿರುವುದರಿಂದಲೇ ಅದು ಅಮಾನತ್ತು.

ವೈದ್ಯರನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಅವರ ಬಾಗಿಲಲ್ಲಿ ನೂರು ಜನರ ಸಾಲಿರುತ್ತದೆ. ನಮ್ಮ ಬಾಗಿಲಲ್ಲಿ ಅಂದು ಇದ್ದವಳು ಆಕೆಯೊಬ್ಬಳೇ. ನಾವೇನು ಮಾಡಿದೆವು? ವರದಿಯನ್ನು ಪೂರ್ತಿ ಓದಿದೆವು. ಆಟಿಸಂ ಎಂಬ ಪದಕ್ಕೆ ಆಕೆಗೆ ತಿಳಿಯುವ ಮಾತು ನಾವು ಕಲಿತ ಉರ್ದುವಿನಲ್ಲೂ ಸಿಗಲಿಲ್ಲ, ಕನ್ನಡದಲ್ಲೂ ಸಿಗಲಿಲ್ಲ. ‘ಮಾತು ಸ್ವಲ್ಪ ತಡ ಆಗೇದ ಬೇಟಿ. ಅಲ್ಲಾಹನ ಮ್ಯಾಲ ಭಾರ ಹಾಕು’ ಎಂದು ಕಳುಹಿಸಿದೆವು. ಆಕೆ ನಂಬಿ ಹೋದಳು. ಐದು ತಿಂಗಳು ಸುಮ್ಮನೆ ಕಳೆದವು. ಇಂಥ ಮಕ್ಕಳಿಗೆ ಎಷ್ಟು ಬೇಗ ತರಬೇತಿ ಸಿಕ್ಕರೆ ಅಷ್ಟು ಒಳ್ಳೆಯದೆಂದು ಆ ವರದಿಯ ಕೊನೆಯ ಪುಟದಲ್ಲೇ ಇತ್ತು. ನಾವು ಬರೆದುಕೊಟ್ಟದ್ದೂ ಒಂದು ಚೀಟಿಯೇ. ವೈದ್ಯರು ಆನ್‌ಲೈನಿಗೆ ಕಳುಹಿಸಿದರು, ನಾವು ದೇವರ ಬಳಿಗೆ ಕಳುಹಿಸಿದೆವು. ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟಿದ ನಂತರದ ಭರವಸೆ ಎಂದು ಚಿಕ್ಕಂದಿನಲ್ಲೇ ಕಲಿತಿದ್ದ ನಾವು ಹಗ್ಗವನ್ನೇ ಮುಟ್ಟಿರಲಿಲ್ಲ.

ತಡವಾಗಿಯಾದರೂ ಆಕೆಯ ಮನೆಗೆ ಹೋಗಿ ವರದಿಯಲ್ಲಿದ್ದುದನ್ನು ಇದ್ದಂತೆ ಹೇಳಿದೆವು. ಆಕೆ ಅತ್ತಳು. ಆಮೇಲೆ, ‘ಆವತ್ತ ಯಾಕ ಹೇಳ್ಲಿಲ್ಲ ಭಾಯ್?’ ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುವಾರ ಆಕೆಯೊಂದಿಗೆ, ಮಗುವಿನೊಂದಿಗೆ ಹಾವೇರಿ ಬಸ್ಸು ಹತ್ತಿದೆವು. ಕಿವಿ ನೆಟ್ಟಗಿದೆ ಎಂದರು. ಮುಂದಿನದಕ್ಕೆ ಧಾರವಾಡಕ್ಕೆ ಚೀಟಿ ಬರೆದುಕೊಟ್ಟರು. ಅದರಲ್ಲಿ ‘ಮನೆಮಾತು ಉರ್ದು’ ಎಂದೂ ಒಂದು ಸಾಲು ಸೇರಿಸಲು ನಾವು ಕೇಳಿಕೊಂಡೆವು, ಬೇಸರಿಸದೆ ಸೇರಿಸಿದರು. ಧಾರವಾಡಕ್ಕೂ ನಾವು ಜೊತೆಗೆ ಹೋಗುವವರಿದ್ದೇವೆ.